ಒಂದೇ ಬೆಳಗ್ಗೆಗೆ ಬದಲಾದ ಮಗ: ಹಠವೋ, ಕಾಯಿಲೆಯೋ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ರೇಷ್ಮೆ ಹುಳ ಸಾಕುತ್ತೇವೆ. ಮಗನಿಗೆ ಏಳು ವರ್ಷ, ಎರಡನೇ ಕ್ಲಾಸು. ಚಿಕ್ಕಂದಿನಿಂದಲೂ ತುಂಬಾ ಸೂಕ್ಷ್ಮ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಓಡುತ್ತಾನೆ. ಅಂಗಿಯ ಲೇಬಲ್ ಚುಚ್ಚುತ್ತೆ ಅಂತಾನೆ. ಮುದ್ದೆ ಕೈಗೆ ಅಂಟಿದರೆ ಆಗಲ್ಲ. ಹೇಗೋ ಹೊಂದಿಕೊಂಡು ಹೋಗುತ್ತಿದ್ದೆವು. ಈ ಸಲ ಅವರೆಕಾಯಿ ಕಾಲದಲ್ಲಿ ಅವನಿಗೆ ಗಂಟಲು ನೋವು, ಜ್ವರ ಬಂತು. ಡಾಕ್ಟರು ಕೊಟ್ಟ ಔಷಧಿಯಲ್ಲಿ ಮೂರು ದಿನಕ್ಕೆ ಜ್ವರ ಇಳಿಯಿತು, ನಿಲ್ಲಿಸಿಬಿಟ್ಟೆವು. ಆಮೇಲೆ ಸುಮಾರು ಹದಿನೈದು ದಿನಕ್ಕೆ, ಒಂದು ಬೆಳಗ್ಗೆ ಎದ್ದವನೇ ಬೇರೆ ಮಗುವಿನ ಹಾಗೆ ಆಡತೊಡಗಿದ. ಕೈ ತೊಳೆದದ್ದೇ ತೊಳೆದದ್ದು. ಊಟದಲ್ಲಿ ಹುಳುಮನೆಯ ಔಷಧಿ ಬಿದ್ದಿದೆ ಅಂತ ತಟ್ಟೆ ತಳ್ಳುತ್ತಾನೆ. 'ಕ್ಲೀನ್ ಆಗಿದೆ ಅಂತ ಹೇಳು' ಅಂತ ದಿನವಿಡೀ ಕೇಳುತ್ತಾನೆ. ನನ್ನನ್ನು ಬಿಟ್ಟು ಬಚ್ಚಲಿಗೂ ಹೋಗಲ್ಲ. ರಾತ್ರಿ ಹಾಸಿಗೆ ಒದ್ದೆ. ಕಣ್ಣು ಪಿಳಿಪಿಳಿ ಹೊಡೆಯುತ್ತಾನೆ. ಮುದ್ದಾಗಿದ್ದ ಅಕ್ಷರ ಕೆಟ್ಟುಹೋಗಿದೆ. ತಂಗಿಗೆ ಹೊಡೆಯುತ್ತಾನೆ. ಮಧ್ಯೆ ಕಡಿಮೆಯಾಗಿತ್ತು, ಈಗ ಕೆಮ್ಮು ಬಂದ ಮೇಲೆ ಮತ್ತೆ ಜಾಸ್ತಿ. ನಾನು ಮುದ್ದು ಮಾಡಿ ಕೆಡಿಸಿದೆ ಅಂತಾರೆ ಅತ್ತೆ. ಎರಡು ಬಿಟ್ಟರೆ ಸರಿಹೋಗ್ತಾನೆ ಅಂತಾರೆ ಯಜಮಾನರು. ತಮ್ಮ ಮೊಬೈಲಿನಲ್ಲಿ ನೋಡಿ, ಇದು 'ಪಾಂಡಾಸ್' ಇರಬಹುದು ಅಂದ. ರಕ್ತ ಪರೀಕ್ಷೆ ಮಾಡಿಸಿದರೆ ಎಎಸ್‌ಒ 400 ಅಂತ ಬಂದಿದೆ. ಅವನು ಹೇಳಿದ ಹಾಗೆ ಕೇಳಬೇಕಾ, ಕೇಳಬಾರದಾ? ಇದು ಪೂರ್ತಿ ಹೋಗುತ್ತಾ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು 'ಒಂದು ಬೆಳಗ್ಗೆ ಎದ್ದವನೇ' ಅನ್ನುವುದು. ಮುದ್ದಿನಿಂದ ಕೆಡುವ ಮಗು ಒಂದೇ ರಾತ್ರಿಯಲ್ಲಿ ಕೆಡುವುದಿಲ್ಲ. ಮುದ್ದು ಮಾಡಿದ್ದಕ್ಕೆ ಯಾರ ಅಕ್ಷರವೂ ಕೆಡುವುದಿಲ್ಲ, ಹಾಸಿಗೆ ಒದ್ದೆಯಾಗುವುದೂ ಇಲ್ಲ. ಹಾಗಾಗಿ ಇದು ನಿಮ್ಮ ತಪ್ಪಲ್ಲ. ಹುಡುಗನ ಹಠವೂ ಅಲ್ಲ. ಹೀಗೆ ತಟ್ಟನೆ ಬದಲಾದ ಮಗುವನ್ನು ವೈದ್ಯರು ಕೂತು ಪೂರ್ತಿ ಪರೀಕ್ಷೆ ಮಾಡಲೇಬೇಕು.

ಪತ್ರ ಓದಿ ಕಾಯಿಲೆಯ ಹೆಸರು ಹೇಳಲು ಆಗುವುದಿಲ್ಲ. ಆದರೆ ನಿಮ್ಮ ತಮ್ಮ ಹೇಳಿದ್ದನ್ನು ಸುಮ್ನೆ ತಳ್ಳಿಹಾಕುವಂತೆಯೂ ಇಲ್ಲ. 1998ರಲ್ಲಿ ಅಮೆರಿಕದ ವೈದ್ಯೆ ಸೂಸನ್ ಸ್ವೀಡೋ ಮತ್ತು ಅವರ ಜೊತೆಗಾರರು ಇಂಥ 50 ಮಕ್ಕಳ ವಿವರ ಪ್ರಕಟಿಸಿದರು. ಸ್ಟ್ರೆಪ್ಟೋಕಾಕಸ್ ಅನ್ನುವ ಬ್ಯಾಕ್ಟೀರಿಯಾದಿಂದ ಗಂಟಲು ಸೋಂಕು ಬರುತ್ತದಲ್ಲ, ಅದರ ಬೆನ್ನಲ್ಲೇ ಈ ಮಕ್ಕಳಲ್ಲಿ ಗೀಳು (ಬೇಡವೆಂದರೂ ಅದೇ ಯೋಚನೆ ಮತ್ತೆ ಮತ್ತೆ ಬರುವುದು, ಮಾಡಿದ್ದನ್ನೇ ಮಾಡುವುದು) ಅಥವಾ ಕಣ್ಣು ಮಿಟುಕಿಸುವಂಥ, ತಾನಾಗಿ ಆಗುವ ಟಿಕ್ ತಟ್ಟನೆ ಶುರುವಾಗುತ್ತಿತ್ತು, ಇಲ್ಲವೇ ಇದ್ದದ್ದು ಒಮ್ಮೆಲೇ ಹೆಚ್ಚುತ್ತಿತ್ತು. ಅದಕ್ಕೆ ಪಾಂಡಾಸ್ ಎಂದು ಹೆಸರಿಟ್ಟರು. ಎಲ್ಲ ಮಕ್ಕಳಲ್ಲೂ ಸ್ಟ್ರೆಪ್ ಸಿಗುವುದಿಲ್ಲ ಎಂದು ಕಂಡಿದ್ದರಿಂದ 2012ರಲ್ಲಿ ಪಾನ್ಸ್ ಅನ್ನುವ ಇನ್ನೂ ಅಗಲವಾದ ಹೆಸರನ್ನು ಮುಂದಿಟ್ಟರು. ಪಾನ್ಸ್ ಎನ್ನಬೇಕಾದರೆ ಗೀಳು ಇಲ್ಲವೇ ಊಟ ತೀರಾ ಕಡಿಮೆಯಾಗುವುದು ದಿಢೀರನೆ ಶುರುವಾಗಿರಬೇಕು. ಜೊತೆಗೆ ಬೇರೆ ತೊಂದರೆಗಳೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಕಾಣಿಸಬೇಕು. ಅಮ್ಮನನ್ನು ಬಿಟ್ಟಿರಲಾಗದ ಭಯ, ಸಿಟ್ಟು, ಚಿಕ್ಕ ಮಗುವಿನ ಹಾಗೆ ಆಡುವುದು, ಓದು ಬರಹ ಹಿಂದೆ ಬೀಳುವುದು, ಶಬ್ದ ಸ್ಪರ್ಶ ಸಹಿಸಲಾಗದಿರುವುದು, ನಿದ್ದೆ ಕೆಡುವುದು, ಪದೇಪದೇ ಮೂತ್ರ ಅಥವಾ ಹಾಸಿಗೆ ಒದ್ದೆ. ನಿಮ್ಮ ಪತ್ರದಲ್ಲಿ ಇವುಗಳಲ್ಲಿ ಹಲವು ಇವೆ.

ಒಳಗೆ ನಡೆಯುವುದು ಏನು ಎಂಬುದಕ್ಕೆ ಈಗಿರುವ ವಿವರಣೆ ಹೀಗಿದೆ. ಸೋಂಕಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ಗುರಿ ತಪ್ಪಿ ಮೆದುಳಿನ ಆಳದ ಒಂದು ಭಾಗಕ್ಕೆ ತಾಗುತ್ತವೆ. ನಮ್ಮ ಚಲನೆ, ಅಭ್ಯಾಸ, 'ಇಷ್ಟು ಸಾಕು, ನಿಲ್ಲಿಸು' ಅನ್ನುವ ತಡೆ, ಇವುಗಳಲ್ಲಿ ಆ ಭಾಗದ ಪಾತ್ರ ದೊಡ್ಡದು. ಕೈ ತೊಳೆದಾಯಿತು ಎಂದು ನಿಮಗೂ ನನಗೂ ಅನಿಸುತ್ತದೆ. ಈ ಮಗುವಿಗೆ ಅದು ಅನಿಸುವುದೇ ಇಲ್ಲ. ಪಾಂಡಾಸ್ ವಿಷಯದಲ್ಲಿ ಈ ವಿವರಣೆಯ ಬಗ್ಗೆ ವೈದ್ಯರ ನಡುವೆ ಇನ್ನೂ ವಾದ ಇದೆ. ಹಾಗಂತ ಇದು ಕಟ್ಟುಕಥೆ ಎಂದು ಯಾರಾದರೂ ನಿಮ್ಮನ್ನು ವಾಪಸ್ ಕಳಿಸಿದರೆ ಅದನ್ನು ಒಪ್ಪಬೇಡಿ. ಗಂಟಲು ಸೋಂಕಿನ ನಂತರ ಮೆದುಳಿಗೆ ತೊಂದರೆಯಾಗುವ ಇನ್ನೊಂದು ಕಾಯಿಲೆ ಬಹಳ ಹಳೆಯದು, ಅದರ ಬಗ್ಗೆ ಯಾವ ಅನುಮಾನವೂ ಇಲ್ಲ. ಅದರ ಹೆಸರು ಸಿಡೆನ್‌ಹ್ಯಾಮ್ ಕೊರಿಯಾ. ಅದು ರುಮ್ಯಾಟಿಕ್ ಜ್ವರದ ಒಂದು ರೂಪ.

ನಮ್ಮ ಕಡೆ ವೈದ್ಯರು ಮೊದಲು ಹುಡುಕಬೇಕಾದ್ದು ಈ ಕೊರಿಯಾವನ್ನೇ ಎಂದು ನಾನು ಒತ್ತಿ ಹೇಳುತ್ತೇನೆ. ರುಮ್ಯಾಟಿಕ್ ಜ್ವರ ನಮ್ಮ ದೇಶದಿಂದ ಹೋಗಿಲ್ಲ, ಅದು ಹೃದಯದ ಕವಾಟಗಳನ್ನು ಹಾಳು ಮಾಡುತ್ತದೆ. ಕೊರಿಯಾದಲ್ಲೂ ಅಕ್ಷರ ಕೆಡುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ, ಗೀಳು ಕಾಣಿಸಬಹುದು. ಮನೆಯಲ್ಲೇ ಒಂದು ಗುರುತು ನೋಡಿ. ನಿಮ್ಮ ಎರಡು ಬೆರಳನ್ನು ಬಿಗಿಯಾಗಿ ಹಿಡಿದುಕೊಳ್ಳಲು ಅವನಿಗೆ ಹೇಳಿ. ಹಿಡಿತ ಒಂದೇ ಸಮ ನಿಲ್ಲದೆ, ಹಸುವಿನ ಹಾಲು ಕರೆಯುವಾಗಿನ ಹಾಗೆ ಬಿಗಿ, ಸಡಿಲ, ಬಿಗಿ, ಸಡಿಲ ಆಗುತ್ತಿದ್ದರೆ ತಡ ಮಾಡಬೇಡಿ. ನಾಲಿಗೆ ಹೊರಚಾಚಿ ಸ್ವಲ್ಪ ಹೊತ್ತು ಇಟ್ಟುಕೊಳ್ಳಲು ಆಗದಿದ್ದರೆ, ಕೈಕಾಲು ತಾನಾಗಿ ಕುಣಿಯುತ್ತಿದ್ದರೆ, ಕೀಲು ಊದಿದ್ದರೆ, ಓಡಿದರೆ ಉಸಿರು ಕಟ್ಟುತ್ತಿದ್ದರೆ ಕೂಡ ಹಾಗೇ. ಇವು ಏನೂ ಕಾಣದಿದ್ದರೂ ಎದೆ ಬಡಿತ ಕೇಳಿ ನೋಡಲು, ಅಗತ್ಯವಿದ್ದರೆ ಹೃದಯದ ಎಕೋ ಸ್ಕ್ಯಾನ್ ಮಾಡಿಸಲು ಮಕ್ಕಳ ವೈದ್ಯರನ್ನು ನೀವಾಗಿ ಕೇಳಿ. ಕೊರಿಯಾ ಎಂದು ಖಚಿತವಾದರೆ ಮೂರ್ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ವರ್ಷಗಟ್ಟಲೆ ಬೇಕಾಗುತ್ತದೆ. ಅದು ಹೃದಯ ಉಳಿಸುವ ಇಂಜೆಕ್ಷನ್.

ಆ ಎಎಸ್‌ಒ 400ರ ವಿಷಯ. ಸ್ಟ್ರೆಪ್ ವಿರುದ್ಧ ರಕ್ತದಲ್ಲಿರುವ ಒಂದು ಪ್ರತಿಕಾಯದ ಅಳತೆ ಅದು. ಅದು ಹೇಳುವುದು ಇಷ್ಟೇ: ಇತ್ತೀಚೆಗೆ ಎಂದೋ ಸ್ಟ್ರೆಪ್ ಬಂದುಹೋಗಿದೆ. ಲ್ಯಾಬ್ ರಿಪೋರ್ಟಿನಲ್ಲಿ 200ರ ಒಳಗಿರಬೇಕು ಎಂದು ಅಚ್ಚಾಗಿರುತ್ತದೆ, ಆದರೆ ಶಾಲೆಗೆ ಹೋಗುವ ಎಷ್ಟೋ ಆರೋಗ್ಯವಂತ ಮಕ್ಕಳಲ್ಲಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಆ ಅಂಕಿ ನೋಡಿ ಪಾಂಡಾಸ್ ಎಂದು ಹೇಳಲು ಬರುವುದಿಲ್ಲ. ಹೌದು ಅಥವಾ ಇಲ್ಲ ಎಂದು ತೀರ್ಮಾನಿಸುವ ಒಂದೇ ಒಂದು ಪರೀಕ್ಷೆ ಈ ಕಾಯಿಲೆಗೆ ಇಲ್ಲ. ದುಬಾರಿ ಪರೀಕ್ಷೆಗಳ ಪಟ್ಟಿ ಹಿಡಿದು ಲ್ಯಾಬಿನಿಂದ ಲ್ಯಾಬಿಗೆ ಅಲೆಯಬೇಡಿ. ಗಂಟಲು ನೋವು ಇರುವಾಗಲೇ ಗಂಟಲಿನ ದ್ರವ ತೆಗೆದು ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಿದರೆ ಅದು ಹೆಚ್ಚು ಉಪಯೋಗ.

ಮೂರು ದಿನಕ್ಕೆ ಔಷಧಿ ನಿಲ್ಲಿಸಿದ್ದಕ್ಕೆ ನಿಮ್ಮನ್ನು ಬೈಯುವುದಿಲ್ಲ. ಜ್ವರ ಇಳಿದ ಮೇಲೆ ಬಹಳಷ್ಟು ಮನೆಗಳಲ್ಲಿ ಹೀಗೇ ಆಗುತ್ತದೆ. ಇನ್ನು ಮುಂದೆ ಮಾತ್ರ ಸ್ಟ್ರೆಪ್ ಎಂದು ವೈದ್ಯರು ಹೇಳಿ ಪೆನ್ಸಿಲಿನ್ ಅಥವಾ ಅಮಾಕ್ಸಿಸಿಲಿನ್ ಬರೆದರೆ ಸಾಮಾನ್ಯವಾಗಿ ಅದು 10 ದಿನದ ಕೋರ್ಸ್. ಮಗು ಮೂರನೇ ದಿನ ಗದ್ದೆ ಬದುವಿನ ಮೇಲೆ ಓಡಾಡುತ್ತಿದ್ದರೂ ಹತ್ತನೇ ದಿನದವರೆಗೂ ಕೊಡಿ. ಹಾಗೆಯೇ, ನಡವಳಿಕೆ ಕೆಟ್ಟಾಗಲೆಲ್ಲ ಮೆಡಿಕಲ್ ಸ್ಟೋರಿನಿಂದ ನೀವೇ ಆಂಟಿಬಯಾಟಿಕ್ ತಂದು ಕೊಡಬೇಡಿ. ಹೆಚ್ಚಿನ ಕೆಮ್ಮು ನೆಗಡಿ ವೈರಸ್ಸಿನದು, ಅದಕ್ಕೆ ಆಂಟಿಬಯಾಟಿಕ್ ನಾಟುವುದಿಲ್ಲ. ಈಗಿನ ಕೆಮ್ಮೂ ಹಾಗೇ ಇರಬಹುದು, ಆದರೂ ಗಂಟಲು ತೋರಿಸಿ. ತಂಗಿಗೋ ನಿಮಗೋ ಗಂಟಲು ನೋವಿದ್ದರೆ ಅದನ್ನೂ ತೋರಿಸಿ, ಸ್ಟ್ರೆಪ್ ಒಂದೇ ಮನೆಯಲ್ಲಿ ಸುತ್ತು ಹೊಡೆಯುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆ: ಅವನು ಹೇಳಿದ ಹಾಗೆ ಕೇಳಬೇಕಾ, ಕೇಳಬಾರದಾ? ಇಂಥ ಮಗುವನ್ನು ಸಾಕುವುದರಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಇದೇ. ನಿಮ್ಮ ಮಗನಲ್ಲಿ ಎರಡು ಬೇರೆ ಬೇರೆ ವಿಷಯಗಳು ಸೇರಿಕೊಂಡಿವೆ. ಒಂದು, ಅವನು ಹುಟ್ಟಿದಾಗಿನಿಂದ ಇರುವ ರೀತಿ. ಕಿವಿ, ಮೂಗು, ಚರ್ಮ ಎಲ್ಲವೂ ಬೇರೆಯವರಿಗಿಂತ ಜಾಸ್ತಿ ಹಿಡಿಯುತ್ತವೆ. ಇನ್ನೊಂದು, ಈಗ ಬಂದಿರುವ ಗೀಳು ಮತ್ತು ಭಯ. ಮೊದಲನೆಯದಕ್ಕೆ ನೀವು ಹೊಂದಿಕೊಳ್ಳಬೇಕು. ಎರಡನೆಯದಕ್ಕೆ ಹೊಂದಿಕೊಳ್ಳುತ್ತಾ ಹೋದಷ್ಟೂ ಅದು ಬೆಳೆಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಅದಕ್ಕೇ ನಿಮಗೆ ತಲೆ ಕೆಟ್ಟಿರುವುದು.

ನಿಮ್ಮ ಮನೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಒಂದು ಬೆಳೆ ಮುಗಿದು ಹುಳುಮನೆ ತೊಳೆಯುವಾಗ ಬ್ಲೀಚಿಂಗ್ ಪೌಡರ್, ಸುಣ್ಣ ಹಾಕುತ್ತೀರಿ. ಆ ವಾಸನೆ ನಮಗೇ ಮೂಗಿಗೆ ಹೊಡೆಯುತ್ತದೆ. ಅವನಿಗೆ ಅದು ಹಿಂಸೆ. 'ವಾಸನೆ ತಡೆಯೋಕೆ ಆಗ್ತಿಲ್ಲ' ಅಂದರೆ ನಂಬಿ. ಆ ದಿನ ಅವನನ್ನು ನೆಂಟರ ಮನೆಗೆ ಕಳಿಸಿ. ಹುಳುಮನೆಯಿಂದ ಬಂದವರು ಕೈಕಾಲು ತೊಳೆದು ಬಟ್ಟೆ ಬದಲಿಸಿ ಅಡುಗೆಮನೆಗೆ ಬರಲಿ. ಇದು ಎಲ್ಲರ ಆರೋಗ್ಯಕ್ಕೂ ಒಳ್ಳೆಯದೇ. ಅದೇ ಮಗು ಹುಳುಮನೆ ತೊಳೆದು ವಾರವಾದ ಮೇಲೆ, 'ಔಷಧಿ ನನ್ನ ತಟ್ಟೆಗೆ ಬಿದ್ದಿದೆ, ಮೂರು ಸಲ ತೊಳಿ, ಕ್ಲೀನ್ ಅಂತ ಹೇಳು' ಅಂದರೆ ಅದು ವಾಸನೆಯ ಮಾತಲ್ಲ. ಅದು ಭಯದ ಮಾತು. ತಟ್ಟೆ ಮೂರು ಸಲ ತೊಳೆದರೆ ನಾಳೆ ಐದು ಸಲ ತೊಳೆಯಬೇಕಾಗುತ್ತದೆ.

ಎರಡನ್ನೂ ಬೇರೆ ಮಾಡಿ ನೋಡಲು ನಾನು ತಾಯಂದಿರಿಗೆ ಹೇಳಿಕೊಡುವ ದಾರಿ ಇದು. ಕೇಳಿದ್ದನ್ನು ಕೊಟ್ಟ ಮೇಲೆ ಮಗುವಿಗೆ ಸಮಾಧಾನ ಆಯಿತಾ ನೋಡಿ. ಲೇಬಲ್ ಕತ್ತರಿಸಿ ಕೊಟ್ಟರೆ ಅಂಗಿ ಹಾಕಿಕೊಂಡು ಆಟಕ್ಕೆ ಓಡುತ್ತಾನೆ, ವಿಷಯ ಅಲ್ಲಿಗೆ ಮುಗಿಯಿತು. ಅದು ಚರ್ಮದ ಕಷ್ಟ. 'ಕ್ಲೀನ್' ಎಂದು ಹೇಳಿದರೆ ಎರಡು ನಿಮಿಷ ಸಮಾಧಾನ, ಮತ್ತೆ ಅದೇ ಪ್ರಶ್ನೆ. ಅದು ಗೀಳು. ಕೆಲವು ಸಲ ಎರಡೂ ಬೆರೆತಿರುತ್ತವೆ, ಆಗ ಮಗುವಿನ ಪರ ವಹಿಸಿ, ಗಡಿಬಿಡಿ ಬೇಡ.

ಗೀಳಿನ ಪ್ರಶ್ನೆಗೆ ಒಂದು ಸಲ ನಿಜ ಹೇಳಿ. ಎರಡನೇ ಸಲದಿಂದ 'ಕ್ಲೀನ್' ಅನ್ನುವ ಮಾತು ಬಿಟ್ಟು, 'ಆ ಭಯ ಮತ್ತೆ ಬಂತಾ ಕಂದ? ನಾನು ಇಲ್ಲೇ ಇದ್ದೀನಿ' ಅನ್ನಿ. ಬೈಗುಳ ಬೇಡ, ಉಪದೇಶವೂ ಬೇಡ. ಭಯಕ್ಕೆ ಉತ್ತರ ಕೊಡದೆ ಮಗುವಿಗೆ ಮಾತ್ರ ಆಸರೆ ಕೊಡುವುದು ಇದರ ಗುಟ್ಟು. ಮೊದಲ ದಿನಗಳಲ್ಲಿ ಅಳು, ಕೂಗಾಟ ಜಾಸ್ತಿಯಾಗುತ್ತದೆ. ಮನೆಯಲ್ಲಿ ಎಲ್ಲರೂ ಇದೇ ಮಾತು ಹೇಳಬೇಕು. ನೀವು ಹೀಗೆ ಹೇಳಿ, ಅಜ್ಜಿ ಗುಟ್ಟಾಗಿ 'ಕ್ಲೀನ್ ಇದೆ ಬಿಡು ರಾಜ' ಅಂದರೆ ಮಗು ಅಜ್ಜಿಯ ಹಿಂದೆಯೇ ಸುತ್ತುತ್ತದೆ. ಕಾಯಿಲೆ ತೀರಾ ಜೋರಾಗಿರುವ ದಿನಗಳಲ್ಲಿ ಇದನ್ನು ಪೂರ್ತಿ ಪಾಲಿಸಲು ಹೋಗಬೇಡಿ. ಆಗ ನೀರು, ಊಟ, ನಿದ್ದೆ ಇಷ್ಟು ನಡೆದರೆ ಸಾಕು. ಸ್ವಲ್ಪ ಇಳಿದ ಮೇಲೆ, ಒಂದು ಸಲಕ್ಕೆ ಒಂದೇ ಗೀಳು ಹಿಡಿದು ಶುರು ಮಾಡಿ. ಈ ವಿಧಾನವನ್ನು ಮನಶ್ಶಾಸ್ತ್ರಜ್ಞರು ಕ್ರಮವಾಗಿ ಮಾಡಿಸುತ್ತಾರೆ. ಗೀಳಿಗೆ ಇರುವ ಚಿಕಿತ್ಸೆಗಳಲ್ಲಿ ಚೆನ್ನಾಗಿ ಕೆಲಸ ಮಾಡುವಂಥದ್ದು ಇದು. ಬೇಕಾದರೆ ಗೀಳಿನ ಮಾತ್ರೆಯನ್ನು ಮನೋವೈದ್ಯರು ಕಡಿಮೆ ಪ್ರಮಾಣದಲ್ಲಿ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ. ಆ ಮಾತ್ರೆಗೆ ಹೆದರಬೇಡಿ.

ಊಟದ ವಿಷಯದಲ್ಲಿ ಈಗ ನಿಯಮ ಸಡಿಲ ಮಾಡಿ. ಬೇರೆಯವರು ಮುಟ್ಟಿದ್ದು ಬೇಡ ಅನ್ನುವ ಮಕ್ಕಳು ತಾವೇ ಸುಲಿದು ತಿನ್ನುವುದನ್ನು ಎಷ್ಟೋ ಸಲ ಒಪ್ಪುತ್ತಾರೆ. ಬಾಳೆಹಣ್ಣು, ಸಿಪ್ಪೆ ಸಮೇತ ಬೇಯಿಸಿದ ಮೊಟ್ಟೆ, ಬೇಯಿಸಿದ ಕಡಲೆಕಾಯಿ, ಕಣ್ಣೆದುರೇ ಕೊಚ್ಚಿದ ಎಳನೀರು. ಇದರಿಂದ ಗೀಳಿಗೆ ಸ್ವಲ್ಪ ಸೋತಂತೆ ಆಗುತ್ತದೆ ನಿಜ. ಆದರೆ ಹಸಿದ ಮೆದುಳು ಯಾವ ಚಿಕಿತ್ಸೆಗೂ ಬಗ್ಗುವುದಿಲ್ಲ. ವಾರಕ್ಕೊಮ್ಮೆ ಅಂಗನವಾಡಿಯ ತಕ್ಕಡಿಯಲ್ಲಾದರೂ ತೂಕ ನೋಡಿ ಬರೆದಿಡಿ.

ಸೂಕ್ಷ್ಮ ಇಂದ್ರಿಯಗಳ ಮಟ್ಟಿಗೆ ನೀವು ಆಗಲೇ ಮಾಡುತ್ತಿರುವುದು ಸರಿ. ಅಂಗಿ ಒಳಗಿನ ಬನಿಯನ್ ತಿರುಗಿಸಿ ಹಾಕಿ, ಹೊಲಿಗೆ ಹೊರಗಿರಲಿ. ಮಿಕ್ಸಿ ಹಾಕುವ ಮುಂಚೆ ಹೇಳಿ, ಅಂಗಳಕ್ಕೆ ಹೋಗಲು ಸಮಯ ಕೊಡಿ. ಚಮಚದಲ್ಲಿ ಮುದ್ದೆ ತಿಂದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಊರ ಜಾತ್ರೆಯಲ್ಲಿ ತಮಟೆ ಶುರುವಾಗುವ ಮೊದಲೇ ದೇವರಿಗೆ ಕೈ ಮುಗಿಸಿ ಕರೆದುಕೊಂಡು ಬನ್ನಿ. ಇಂಥ ಮಕ್ಕಳಲ್ಲಿ ಹಲವರಿಗೆ ಮೈಕೈಗೆ ಭಾರ ಬೀಳುವ ಕೆಲಸ ಹಿತ ಕೊಡುತ್ತದೆ. ಹಿಪ್ಪುನೇರಳೆ ಸೊಪ್ಪಿನ ಸಣ್ಣ ಕಟ್ಟು ಹೊರುವುದು, ಪುಟ್ಟ ಬಿಂದಿಗೆಯಲ್ಲಿ ನೀರು ತರುವುದು, ಚಪಾತಿ ಹಿಟ್ಟು ನಾದುವುದು. ಶಾಲೆಗೆ ಹೋಗುವ ಮುಂಚೆ ಕಾಲು ಗಂಟೆ ಮಾಡಿಸಿ ನೋಡಿ. ಹಳ್ಳಿಯ ಮನೆಗಳಿಗೆ ಇದೊಂದು ಅನುಕೂಲ, ಪಟ್ಟಣದಲ್ಲಿ ಇದಕ್ಕೇ ದುಡ್ಡು ಕೊಟ್ಟು ಥೆರಪಿ ಸೆಂಟರಿಗೆ ಹೋಗುತ್ತಾರೆ. ಇಂಥ ದಿನನಿತ್ಯದ ಚಟುವಟಿಕೆಗಳ ಮೂಲಕ ಚಿಕಿತ್ಸೆ ಕೊಡುವ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರು ಒಮ್ಮೆ ಅವನನ್ನು ನೋಡಿದರೆ ಅವನಿಗೆ ಯಾವುದು ಹಿಡಿಸುತ್ತದೆ ಎಂದು ಇನ್ನೂ ಚೆನ್ನಾಗಿ ಹೇಳುತ್ತಾರೆ. ಒಂದು ಮಾತು ನೆನಪಿರಲಿ. ಕಾಯಿಲೆ ಏರಿದಾಗ ಈ ಸೂಕ್ಷ್ಮತೆಯೂ ಏರುತ್ತದೆ. ಹೋದ ತಿಂಗಳು ಸಹಿಸುತ್ತಿದ್ದ ಕುಕ್ಕರ್ ವಿಷಲ್ ಈ ತಿಂಗಳು ಆಗದೇ ಹೋಗಬಹುದು. ನಾಟಕ ಅಂದುಕೊಳ್ಳಬೇಡಿ.

ಅವನು ಸಿಟ್ಟಿನಲ್ಲಿ ಹೊಡೆಯಲು ಬಂದಾಗ ಮೊದಲು ತಂಗಿಯನ್ನು ಬೇರೆ ಕೋಣೆಗೆ ಕಳಿಸಿ. ಮಾತು ಕಡಿಮೆ, ದನಿ ಕೆಳಗೆ. ಬುದ್ಧಿ ಹೇಳುವ ಸಮಯ ಅದಲ್ಲ. ಇಳಿದ ಮೇಲೂ ಹಳೆಯದನ್ನು ಕೆದಕಬೇಡಿ. ಎಷ್ಟೋ ಮಕ್ಕಳು ಆಮೇಲೆ ತಾವಾಗಿಯೇ ಅತ್ತು ಕ್ಷಮೆ ಕೇಳುತ್ತಾರೆ. ಒಳಗಿನಿಂದ ಅವರೂ ಅಷ್ಟೇ ಹೆದರಿರುತ್ತಾರೆ. ನಿಮ್ಮ ಯಜಮಾನರಿಗೆ ನನ್ನ ಪರವಾಗಿ ಹೇಳಿ: ಏಟಿನಿಂದ ಈ ಕಾಯಿಲೆ ಹೋಗುವುದಿಲ್ಲ, ಭಯದ ಮೇಲೆ ಇನ್ನೊಂದು ಭಯ ಸೇರುತ್ತದೆ ಅಷ್ಟೇ. ಮುಂದಿನ ಸಲ ಆಸ್ಪತ್ರೆಗೆ ಅವರೂ ಬರಲಿ, ವೈದ್ಯರ ಬಾಯಿಂದಲೇ ಕೇಳಲಿ.

ಅತ್ತೆಯವರು ದೃಷ್ಟಿ ತೆಗೆದರೆ ಜಗಳವಾಡಬೇಡಿ, ಅದು ಅವರ ಪ್ರೀತಿ. ತಾಯತ ಕಟ್ಟುವುದಾದರೆ ಕುತ್ತಿಗೆಗೆ ಬೇಡ. ದಾರ ಚುಚ್ಚಿ ಇಡೀ ದಿನ ಒದ್ದಾಡುತ್ತಾನೆ, ದಿಂಬಿನ ಕೆಳಗಿಡಲಿ. ಬರೆ ಹಾಕುವುದು, ಹೊಗೆ ಕುಡಿಸುವುದು, ಉಪವಾಸ ಕೆಡವುವುದು ಮಾತ್ರ ಯಾರು ಹೇಳಿದರೂ ಬೇಡವೇ ಬೇಡ.

ಮಗಳ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ನಾನು ಸ್ವಲ್ಪ ಜಾಸ್ತಿ ಹೇಳುತ್ತೇನೆ. 'ಅಣ್ಣನಿಗೆ ಹುಷಾರಿಲ್ಲ, ನೀನೇ ಅನುಸರಿಸಿಕೋ' ಎಂದು ಆ ಪುಟ್ಟ ಹುಡುಗಿಗೆ ದಿನವೂ ಹೇಳಿದರೆ ಅವಳು ಸುಮ್ಮನಾಗಿಬಿಡುತ್ತಾಳೆ. ಸುಮ್ಮನಿರುವ ಮಗು ಚೆನ್ನಾಗಿದೆ ಅಂತ ನಾವು ಅಂದುಕೊಳ್ಳುತ್ತೇವೆ. ದಿನಕ್ಕೆ ಹತ್ತು ಹದಿನೈದು ನಿಮಿಷ ಅವಳೊಬ್ಬಳ ಜೊತೆ ಕೂರಿ, ತಲೆ ಬಾಚುವಾಗಲಾದರೂ ಸರಿ. ಅಣ್ಣ ಹೊಡೆದದ್ದು ಅವಳ ತಪ್ಪಿನಿಂದಲ್ಲ ಎಂದು ಬಾಯಿಬಿಟ್ಟು ಹೇಳಿ.

ಶಾಲೆಯಲ್ಲಿ ಟೀಚರನ್ನು ಒಬ್ಬರೇ ಹೋಗಿ ನೋಡಿ. ಹಳೆಯ ನೋಟ್‌ಬುಕ್ಕು, ಹೊಸ ನೋಟ್‌ಬುಕ್ಕು ಎರಡನ್ನೂ ಅವರ ಮುಂದಿಡಿ. ಅಕ್ಷರದ ವ್ಯತ್ಯಾಸ ನೋಡಿದರೆ ಅವರಿಗೇ ಅರ್ಥವಾಗುತ್ತದೆ. ಕೇಳಿದಾಗ ಮೂತ್ರಕ್ಕೆ ಬಿಡುವುದು, ಬರೆಸುವ ಬದಲು ಬಾಯಲ್ಲಿ ಕೇಳುವುದು, ಬಿಸಿಯೂಟದ ಗಲಾಟೆಯಿಂದ ಸ್ವಲ್ಪ ದೂರ ಕೂರಿಸುವುದು, ಸದ್ಯಕ್ಕೆ ಇಷ್ಟು ಸಾಕು. ತರಗತಿಯಲ್ಲಿ ಯಾರಿಗಾದರೂ ಗಂಟಲು ಸೋಂಕು ಬಂದರೆ ನಿಮಗೊಂದು ಫೋನ್ ಮಾಡಲು ಕೇಳಿಕೊಳ್ಳಿ.

ಎಲ್ಲಿಗೆ ಹೋಗಬೇಕು? ಮೊದಲು ಮಕ್ಕಳ ವೈದ್ಯರು. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿದರೂ ಅವರು ಮುಂದಕ್ಕೆ ಕಳಿಸಿಕೊಡುತ್ತಾರೆ. 18 ವರ್ಷದವರೆಗಿನ ಮಕ್ಕಳಿಗೆ ಆ ಯೋಜನೆ ಇದೆ. ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಕ್ಕೆ ಹೋಗಿ. ನರರೋಗ ತಜ್ಞರೂ ಅದೇ ಆವರಣದಲ್ಲಿ ಸಿಗುತ್ತಾರೆ. ಬೇರೆ ಕಾರಣಗಳನ್ನು, ಅಂದರೆ ಮೂರ್ಛೆ ರೋಗ, ಮೆದುಳಿನ ಉರಿಯೂತ, ಇಂಥವನ್ನು ಅಲ್ಲಿ ನೋಡುತ್ತಾರೆ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು.

ಇಮ್ಯುನೊಗ್ಲಾಬ್ಯುಲಿನ್ ಎಂಬ ದುಬಾರಿ ಇಂಜೆಕ್ಷನ್ ಬಗ್ಗೆಯೂ ನಿಮ್ಮ ತಮ್ಮ ಓದಿರಬಹುದು, ಆದ್ದರಿಂದ ಹೇಳುತ್ತೇನೆ. 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 35 ಮಕ್ಕಳಲ್ಲಿ ಕೆಲವರಿಗೆ ಅದನ್ನು, ಉಳಿದವರಿಗೆ ಔಷಧಿಯಿಲ್ಲದ ಬರೀ ದ್ರಾವಣವನ್ನು ಕೊಟ್ಟು ನೋಡಿದರು. ಆರು ವಾರದ ಹೊತ್ತಿಗೆ ಎರಡು ಗುಂಪಿನ ನಡುವೆ ಖಚಿತ ಎನ್ನುವಂಥ ವ್ಯತ್ಯಾಸ ಸಿಗಲಿಲ್ಲ. ತೀರಾ ಜೋರಾದ ಕಾಯಿಲೆಯಲ್ಲಿ ತಜ್ಞರು ಅದನ್ನು ಯೋಚಿಸುವುದುಂಟು. ಆದರೆ ಅದಕ್ಕಾಗಿ ಈಗಲೇ ಜಮೀನು ಅಡವಿಡುವ ಮಾತು ಬೇಡ.

ಮಗು ನೀರನ್ನೂ ಕುಡಿಯದೆ ಮೂತ್ರ ಕಡಿಮೆಯಾದರೆ, ಫಿಟ್ಸ್ ಬಂದರೆ, ಮಂಪರು ಹಿಡಿದು ಅಥವಾ ಗೊಂದಲದಲ್ಲಿ ಅಸಂಬದ್ಧ ಮಾತಾಡಿದರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ, ಸಾಯುವ ಮಾತಾಡಿದರೆ ಯಾವ ಅಪಾಯಿಂಟ್‌ಮೆಂಟಿಗೂ ಕಾಯದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇದು ಪೂರ್ತಿ ಹೋಗುತ್ತಾ ಅಂತ ಕೇಳಿದ್ದೀರಿ. ಈ ಕಾಯಿಲೆ ಒಮ್ಮೆ ಏರಿ, ಇಳಿದು, ಸೋಂಕು ಬಂದಾಗ ಮತ್ತೆ ಏರುವಂಥದ್ದು. ಇಳಿದಾಗ ಹಳೆಯ ಮಗ ಮತ್ತೆ ಸಿಗುತ್ತಾನೆ, ನೀವೇ ಒಮ್ಮೆ ನೋಡಿದ್ದೀರಿ. ಸರಿಯಾದ ಚಿಕಿತ್ಸೆ ಸಿಕ್ಕರೆ ಎಷ್ಟೋ ಮಕ್ಕಳು ಚೇತರಿಸಿಕೊಂಡು ಶಾಲೆ, ಆಟ ಎಲ್ಲಕ್ಕೂ ಮರಳುತ್ತಾರೆ. ಮಿಕ್ಸಿ ಸದ್ದು, ಲೇಬಲ್, ಅಂಟುವ ಮುದ್ದೆ ಇವು ಆಮೇಲೂ ಉಳಿಯಬಹುದು. ಅದು ಅವನ ಸ್ವಭಾವ, ಅದಕ್ಕೆ ಹೆದರಬೇಕಿಲ್ಲ.

ಈ ವಾರ ಒಂದು ಕೆಲಸ ಮಾಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಮೇಲೆಯೇ ಗಂಟಲು ನೋವು ಬಂದ ದಿನ, ಔಷಧಿ ಕೊಟ್ಟ ದಿನಗಳು, ಮಗು ಬದಲಾದ ಬೆಳಗ್ಗೆ, ಮಧ್ಯೆ ಕಡಿಮೆಯಾದ ದಿನ, ಈಗಿನ ಕೆಮ್ಮು, ಇಷ್ಟನ್ನೂ ನೆನಪಿದ್ದಷ್ಟು ಗುರುತು ಹಾಕಿ. ಕಣ್ಣು ಮಿಟುಕಿಸುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ, ವೈದ್ಯರ ಮುಂದೆ ಅದು ಕಾಣದೇ ಹೋಗಬಹುದು. ಆ ಕ್ಯಾಲೆಂಡರ್ ಹಾಳೆ, ವಿಡಿಯೊ, ಎರಡು ನೋಟ್‌ಬುಕ್ಕು, ಎಎಸ್‌ಒ ರಿಪೋರ್ಟು, ಹಳೆಯ ಔಷಧಿ ಚೀಟಿ ಎಲ್ಲವನ್ನೂ ಒಂದು ಚೀಲದಲ್ಲಿಟ್ಟುಕೊಂಡು, ಈ ಕೆಮ್ಮು ಇರುವಾಗಲೇ ಮಕ್ಕಳ ವೈದ್ಯರ ಬಳಿ ಹೋಗಿ.